ಡ್ಯಾಶ್‌ಕ್ಯಾಮ್‌ಗೆ ಮನೆಯಲ್ಲೇ ಹೋಲ್ಡರ್: ಘಟ್ಟದ ಕುಲುಕಾಟಕ್ಕೂ ಕರಾವಳಿಯ ಸೆಕೆಗೂ ಜಗ್ಗದಂತೆ

ಶಿರಸಿ, ಕುಮಟಾ, ಕಾರವಾರದ ಕಡೆಯ ಓದುಗರು ಪದೇ ಪದೇ ಕೇಳುವ ಪ್ರಶ್ನೆ ಇದು: "ಕಾರಿನ ಗಾಜಿಗೆ ಅಂಟಿಸಿದ ಡ್ಯಾಶ್‌ಕ್ಯಾಮ್ ಎಷ್ಟು ಸಲ ಒತ್ತಿದರೂ ಕಳಚಿ ಬೀಳುತ್ತದೆ, ಏನು ಮಾಡಬೇಕು?" ಡ್ಯಾಶ್‌ಕ್ಯಾಮ್ ಎಂದರೆ ಮುಂದಿನ ರಸ್ತೆಯನ್ನು ಸದಾ ಚಿತ್ರೀಕರಿಸುತ್ತಿರುವ ಪುಟ್ಟ ಕ್ಯಾಮೆರಾ. ಅಪಘಾತವಾದಾಗ ತಪ್ಪು ಯಾರದೆಂದು ತೋರಿಸಲು ಅದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ. ಆದರೆ ಅದು ಕೂತ ಜಾಗದಲ್ಲಿ ಕೂತಿದ್ದರೆ ಮಾತ್ರ.

ನನ್ನ ಉತ್ತರ ಇಷ್ಟೇ: ಗಾಜನ್ನು ಬಿಡಿ, ಹಿನ್ನೋಟದ ಕನ್ನಡಿಯ ಕಾಲನ್ನು ಹಿಡಿಯಿರಿ. ಕಾರಿನೊಳಗಿನ ಕನ್ನಡಿಯನ್ನು ಗಾಜಿಗೋ ಚಾವಣಿಗೋ ಜೋಡಿಸುವ ಗಿಡ್ಡ ಕೋಲಿದೆಯಲ್ಲ, ಅದೇ ಕನ್ನಡಿಯ ಕಾಲು. ಅದಕ್ಕೊಂದು ಅಲ್ಯೂಮಿನಿಯಂ ಪಟ್ಟಿಯನ್ನು ಕಟ್ಟಿ ಕ್ಯಾಮೆರಾವನ್ನು ಕೂರಿಸಿದರೆ ಬಿಸಿಲು, ಸೆಕೆ, ಹೊಂಡ ಯಾವುದಕ್ಕೂ ಅದು ಅಲುಗುವುದಿಲ್ಲ. ಕೈಗೆಲಸದ ಅಭ್ಯಾಸ ಸ್ವಲ್ಪ ಇದ್ದರೂ ಒಂದು ಭಾನುವಾರದಲ್ಲಿ ಮುಗಿಯುವ ಕೆಲಸ.

ಯಾಕೆ ಕಳಚುತ್ತದೆ?

ಹೆಚ್ಚಿನ ಕ್ಯಾಮೆರಾಗಳ ಜೊತೆ ಸಕ್ಷನ್ ಕಪ್ ಎನ್ನುವ ಬಟ್ಟಲು ಬರುತ್ತದೆ. ಅದು ನಿಲ್ಲುವುದು ಅಂಟಿನಿಂದಲ್ಲ. ಒಳಗಿನ ಗಾಳಿಯನ್ನು ಹೊರದೂಡಿದಾಗ ಹೊರಗಿನ ಗಾಳಿಯ ಒತ್ತಡವೇ ಅದನ್ನು ಗಾಜಿಗೆ ಅದುಮಿ ಹಿಡಿಯುತ್ತದೆ. ಕಾರವಾರದ ಟ್ಯಾಗೋರ್ ಕಡಲತೀರದ ಬಳಿ ಮಧ್ಯಾಹ್ನದ ಬಿಸಿಲಿಗೆ ಮುಖಮಾಡಿ ಕಾರು ನಿಲ್ಲಿಸಿದರೆ ಗಾಜು ಕೈ ಇಡಲಾರದಷ್ಟು ಕಾಯುತ್ತದೆ. ಬಟ್ಟಲೊಳಗೆ ಉಳಿದ ಚೂರು ಗಾಳಿ ಹಿಗ್ಗುತ್ತದೆ, ಪ್ಲಾಸ್ಟಿಕ್ ಮೆತ್ತಗಾಗುತ್ತದೆ, ಅಂಚು ಒಂದು ಕಡೆ ಏಳುತ್ತದೆ. ಬಂದು ಎಸಿ ಹಾಕಿದರೆ ಅದೇ ಗಾಜು ಒಳಗಿನಿಂದ ತಣ್ಣಗಾಗುತ್ತದೆ. ಹೀಗೆ ದಿನವೂ ಕಾದು ತಣಿಯುವ ಗಾಜಿನ ಮೇಲೆ ಉಪ್ಪುಗಾಳಿಯ ತೇವ, ಧೂಳು ಬೇರೆ. ಅದರ ಮೇಲೆ ದೇವಿಮನೆ ಘಟ್ಟವನ್ನೋ ಅರಬೈಲು ಘಟ್ಟವನ್ನೋ ಇಳಿದರೆ ಪ್ರತಿ ತಿರುವಿನಲ್ಲೂ ಕ್ಯಾಮೆರಾ ಬಟ್ಟಲಿನ ಒಂದೇ ಅಂಚನ್ನು ಎಳೆಯುತ್ತದೆ. ಬೀಳದೆ ಇನ್ನೇನಾದೀತು?

ಬೀಳುವುದಷ್ಟೇ ಆದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ಘಟ್ಟದ ಇಳಿಜಾರಿನಲ್ಲಿ ಬಿದ್ದ ಕ್ಯಾಮೆರಾ ಉರುಳಿ ಬ್ರೇಕ್ ಪೆಡಲಿನ ಕೆಳಗೆ ಹೋಗಬಹುದು. ಚಾಲಕ ಅದನ್ನು ಹಿಡಿಯಲೆಂದು ಬಗ್ಗಬಹುದು. ಈ ಎರಡು ಕಾರಣಕ್ಕೇ ಹೋಲ್ಡರ್ ಗಟ್ಟಿಯಾಗಿರಬೇಕು.

ಕೆಲಸಕ್ಕೆ ಮೊದಲು ಕಾರನ್ನು ನೋಡಿ

ಕನ್ನಡಿಯ ಕಾಲು ಕಣ್ಣಿಗೆ ಕಾಣುವಂತೆ ಕನಿಷ್ಠ 2 ಸೆಂ.ಮೀ. ಉದ್ದವಿರಬೇಕು. ಕೆಲವು ಕಾರುಗಳಲ್ಲಿ ಕನ್ನಡಿ ಚಾವಣಿಗೆ ಸ್ಕ್ರೂ ಹಾಕಿ ಕೂತಿರುತ್ತದೆ, ಇನ್ನು ಕೆಲವದರಲ್ಲಿ ಗಾಜಿಗೇ ಅಂಟಿರುತ್ತದೆ. ಚಾವಣಿಯದ್ದಾದರೆ ಚಿಂತೆಯಿಲ್ಲ. ಗಾಜಿಗೆ ಅಂಟಿದ್ದಾದರೆ ಬುಡವನ್ನು ಮೆಲ್ಲಗೆ ಅಲುಗಿಸಿ ನೋಡಿ. ಬುಡವೇ ಸಡಿಲವಿದ್ದರೆ ಮೊದಲು ಅದನ್ನು ಸರಿಮಾಡಿಸಿಕೊಳ್ಳಿ.

ಹೊಸ ಕಾರುಗಳಲ್ಲಿ ಕನ್ನಡಿಯ ಹಿಂದೆ ಮಳೆಯನ್ನು ಗುರುತಿಸುವ ಸಂವೇದಕವೋ, ಚಾಲಕನಿಗೆ ನೆರವಾಗುವ ಕಂಪನಿಯದೇ ಕ್ಯಾಮೆರಾವೋ ಇರಬಹುದು. ಅವುಗಳ ಎದುರು ಏನನ್ನೂ ತೂಗುಹಾಕಬಾರದು. ಕಾಲು ಪೂರ್ತಿ ಪ್ಲಾಸ್ಟಿಕ್ ಹೊದಿಕೆಯೊಳಗೆ ಮುಚ್ಚಿಹೋಗಿದ್ದರೆ ಈ ವಿಧಾನ ನಿಮಗಲ್ಲ. ಅಂಥವರಿಗಾಗಿ ಕೊನೆಯಲ್ಲಿ ಬೇರೆ ದಾರಿ ಹೇಳಿದ್ದೇನೆ.

ಬೇಕಾಗುವ ಸಾಮಾನು

ಮುಖ್ಯವಾದದ್ದು 25 ಮಿ.ಮೀ. ಅಗಲ, 2 ಮಿ.ಮೀ. ದಪ್ಪದ ಅಲ್ಯೂಮಿನಿಯಂ ಪಟ್ಟಿ. ಸ್ಲೈಡಿಂಗ್ ಕಿಟಕಿ ಮಾಡುವ ಅಂಗಡಿಗಳಲ್ಲಿ ಕತ್ತರಿಸಿ ಉಳಿದ ತುಂಡುಗಳು ಮೂಲೆಯಲ್ಲಿ ಬಿದ್ದಿರುತ್ತವೆ. ಒಂದು ಗೇಣು ಉದ್ದ ಸಾಕು. ಕಬ್ಬಿಣದ ಪಟ್ಟಿ ಬೇಡ, ಅದು ಭಾರ, ಕರಾವಳಿಯಲ್ಲಿ ಬೇಗ ತುಕ್ಕು ಹಿಡಿಯುತ್ತದೆ.

ಎರಡನೆಯದು ಹೋಸ್ ಕ್ಲಿಪ್, ಅಂದರೆ ಪೈಪಿನ ಸುತ್ತ ಹಾಕಿ ಸ್ಕ್ರೂ ತಿರುಗಿಸಿ ಬಿಗಿಯುವ ಲೋಹದ ಬಳೆ. ಅಡಿಕೆಗೆ ಬೋರ್ಡೋ ಹೊಡೆಯುವ ಪಂಪಿನ ಪೈಪಿಗೆ ಹಾಕುತ್ತಾರಲ್ಲ, ಅದೇ. ಕೃಷಿ ಸಲಕರಣೆ ಅಂಗಡಿಯಲ್ಲಿ ಸ್ಟೇನ್‌ಲೆಸ್ ಸ್ಟೀಲಿನದನ್ನೇ ಕೇಳಿ. ಕ್ಲಿಪ್ಪಿನ ಮೇಲೆ ಸ್ಟೀಲಿನ ದರ್ಜೆ 304 ಎಂದು ಅಚ್ಚಾಗಿದ್ದರೆ ಒಳ್ಳೆಯದು. ಬರಿಯ ಸತುವಿನ ಲೇಪದ ಕ್ಲಿಪ್ ಕಡಲ ಗಾಳಿಗೆ ಹೆಚ್ಚು ಕಾಲ ಬಾಳುವುದಿಲ್ಲ.

ಇನ್ನು ಹಳೆಯ ಸೈಕಲ್ ಟ್ಯೂಬಿನ ತುಂಡು, ಮಂದ ಕಪ್ಪು ಸ್ಪ್ರೇ ಬಣ್ಣ, ಎರಡು ಕೇಬಲ್ ಟೈ, ದಪ್ಪ ರಟ್ಟು, ಹ್ಯಾಕ್ಸಾ ಬ್ಲೇಡ್, ಅರ, ಸ್ಯಾಂಡ್ ಪೇಪರ್, ಡ್ರಿಲ್. ಇವುಗಳ ಜೊತೆ ವಿಎಚ್‌ಬಿ ಟೇಪ್ ಬೇಕು. ಎರಡೂ ಕಡೆ ಅಂಟಿರುವ, ನಡುವೆ ಸ್ಪಂಜಿನಂಥ ಅಕ್ರಿಲಿಕ್ ಪದರವಿರುವ ಗಟ್ಟಿ ಟೇಪು ಅದು. ಬಿಳಿ ಸ್ಪಂಜಿನ ಅಗ್ಗದ ಟೇಪು ಬೇಸಿಗೆಗೆ ಕರಗಿ ಜಾರುತ್ತದೆ. ಇಲ್ಲಿ ಮಾತ್ರ ದುಡ್ಡು ಉಳಿಸಲು ಹೋಗಬೇಡಿ. ಒರೆಸಲು ಐಸೊಪ್ರೊಪೈಲ್ ಆಲ್ಕೋಹಾಲ್ ಬೇಕಾಗುತ್ತದೆ. ಮೊಬೈಲ್ ರಿಪೇರಿ ಮಾಡುವವರ ಬಳಿ ಸಿಗುತ್ತದೆ.

ಹಂತ 1: ಅಳತೆ

ಕನ್ನಡಿಯ ಕಾಲಿನ ಸುತ್ತ ದಾರ ಸುತ್ತಿ, ದಾರದ ಉದ್ದವನ್ನು 3.14ರಿಂದ ಭಾಗಿಸಿದರೆ ಅದರ ದಪ್ಪ ಸಿಗುತ್ತದೆ. ಕ್ಲಿಪ್ ಇದಕ್ಕಿಂತ ಸುಮಾರು 8 ಮಿ.ಮೀ. ದೊಡ್ಡದಿರಲಿ. ಪಟ್ಟಿಯ ದಪ್ಪ, ಟ್ಯೂಬಿನ ಪದರಗಳು ಎಲ್ಲವೂ ಅದರೊಳಗೇ ಹಿಡಿಸಬೇಕು. ಕಾಲಿನ ತುದಿಯಲ್ಲಿ ಕನ್ನಡಿ ತಿರುಗುವ ಗುಂಡು ಕೀಲು ಇರುತ್ತದೆ. ಕ್ಲಿಪ್ ಆ ಕೀಲಿನ ಮೇಲೆ ಬರಕೂಡದು. ಅಪಘಾತದಲ್ಲಿ ತಲೆ ತಾಗಿದರೆ ಕನ್ನಡಿ ಮಣಿಯಬೇಕು ಅಥವಾ ಕಳಚಬೇಕು ಎಂದೇ ಅದನ್ನು ಹಾಗೆ ಮಾಡಿರುತ್ತಾರೆ. ಕನ್ನಡಿ ಅಲುಗದಿರಲೆಂದು ತಂತಿ ಕಟ್ಟಿ ಚಾವಣಿಗೆ ಬಿಗಿಯುವವರಿದ್ದಾರೆ, ಅದು ಅಪಾಯ.

ಹಂತ 2: ಕ್ಯಾಮೆರಾ ಕೂರುವ ಜಾಗ

ಚಾಲಕನ ಸೀಟಿನಲ್ಲಿ ಕುಳಿತು ನೋಡಿದಾಗ ಕ್ಯಾಮೆರಾ ಕನ್ನಡಿಯ ಮರೆಯಲ್ಲಿ ಅಡಗಿರಬೇಕು. ನಮ್ಮಲ್ಲಿ ಸ್ಟಿಯರಿಂಗ್ ಬಲಕ್ಕಿರುವುದರಿಂದ ಕನ್ನಡಿಯ ಎಡಭಾಗದ ಹಿಂದೆ ಸರಿಯಾದ ಜಾಗ ಸಿಗುತ್ತದೆ. ಚಾಲಕನಿಗೆ ವಾಹನದ ಹಿಡಿತಕ್ಕೆ ಅಡ್ಡಿಯಾಗುವಂತೆ ಯಾವ ವಸ್ತುವನ್ನೂ ಇಡಬಾರದೆಂದು ಮೋಟಾರು ವಾಹನ ಕಾಯ್ದೆಯ 125ನೇ ಕಲಮು ಹೇಳುತ್ತದೆ. ಕಾನೂನು ಹಾಗಿರಲಿ, ಘಟ್ಟದ ಎಡ ತಿರುವಿನಲ್ಲಿ ಎದುರಿನಿಂದ ಬರುವ ಲಾರಿಯನ್ನು ಮರೆಮಾಡುವ ಜಾಗದಲ್ಲಿ ಅಂಗೈಯಗಲದ ಡಬ್ಬಿ ಇದ್ದರೆ ಏನಾಗುತ್ತದೆಂದು ಯೋಚಿಸಿ.

ಹೆಚ್ಚಿನವರು ಮರೆಯುವುದು ವೈಪರ್. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ 3,000 ಮಿ.ಮೀ. ದಾಟಿ ಮಳೆ ಸುರಿಯುತ್ತದೆ. ವೈಪರ್ ತಲುಪದ ಮೂಲೆಯಿಂದ ಲೆನ್ಸ್ ನೋಡುತ್ತಿದ್ದರೆ ಜೂನ್‌ನಿಂದ ಸೆಪ್ಟೆಂಬರ್ ತನಕ ಕಾಣುವುದು ನೀರಿನ ಹನಿಗಳು ಮಾತ್ರ. ಗಾಜಿಗೆ ನೀರು ಚಿಮುಕಿಸಿ ವೈಪರ್ ಹಾಕಿ, ಅದು ಒರೆಸಿದ ಗೆರೆಯ ಮೇಲಂಚನ್ನು ಒಳಗಿನಿಂದ ಸ್ಕೆಚ್ ಪೆನ್ನಿನಲ್ಲಿ ಗುರುತು ಮಾಡಿ. ಲೆನ್ಸ್ ಆ ಗೆರೆಯಿಂದ ಕೆಳಗೆ 2 ಸೆಂ.ಮೀ. ಆದರೂ ಇರಬೇಕು.

ಹಂತ 3: ರಟ್ಟಿನ ಮಾದರಿ

ಲೋಹ ಮುಟ್ಟುವ ಮೊದಲು ರಟ್ಟಿನಲ್ಲಿ ಮಾಡಿ ನೋಡಿ. ಮದುವೆ ಕರೆಯೋಲೆಯ ದಪ್ಪ ಕಾಗದವನ್ನು ಎರಡು ಪದರ ಅಂಟಿಸಿದರೆ ಸಾಕು. 25 ಮಿ.ಮೀ. ಅಗಲದ ಪಟ್ಟಿ ಕತ್ತರಿಸಿ, ಕಾಲಿನ ಬಳಿ ಹಿಡಿದು, ಎಲ್ಲಿ ಬಗ್ಗಿದರೆ ಕ್ಯಾಮೆರಾ ಬೇಕಾದ ಜಾಗಕ್ಕೆ ಬರುತ್ತದೆಂದು ಮಡಿಸಿ ನೋಡಿ. ಸಾಮಾನ್ಯವಾಗಿ ಎರಡು ಬಾಗು ಬೇಕಾಗುತ್ತವೆ: ಒಂದು ಎಡಕ್ಕೆ, ಇನ್ನೊಂದು ತುದಿಯ ತಟ್ಟೆಯನ್ನು ನೆಲಕ್ಕೆ ಸಮನಾಗಿಸಲು. ಕಾಲಿನಿಂದ ಕ್ಯಾಮೆರಾಕ್ಕೆ ಇರುವ ತೋಳು 8 ಸೆಂ.ಮೀ. ಮೀರದಿರಲಿ. ತೋಳು ಉದ್ದವಾದಷ್ಟೂ ನಡುಕ ಹೆಚ್ಚು, ನಡುಗಿದರೆ ಚಿತ್ರದಲ್ಲಿ ಎದುರಿನ ವಾಹನದ ನಂಬರ್ ಪ್ಲೇಟ್ ಓದಲಾಗುವುದಿಲ್ಲ.

ಹಂತ 4: ಕತ್ತರಿಸುವುದು

ರಟ್ಟನ್ನು ಬಿಚ್ಚಿ ಪಟ್ಟಿಯ ಮೇಲಿಟ್ಟು ಗುರುತು ಹಾಕಿ, ಹ್ಯಾಕ್ಸಾದಿಂದ ಕತ್ತರಿಸಿ. ಕಾಲಿಗೆ ಕಟ್ಟುವ ತುದಿಯನ್ನು 4 ಸೆಂ.ಮೀ. ಉದ್ದಕ್ಕೆ 12 ಮಿ.ಮೀ. ಅಗಲಕ್ಕೆ ಇಳಿಸಬೇಕು, ಇಲ್ಲದಿದ್ದರೆ ಅಗಲ ಪಟ್ಟಿ ದುಂಡು ಕಾಲಿನ ಮೇಲೆ ಹೊರಳಾಡುತ್ತದೆ. ಆ ತುದಿಯನ್ನು ಅರ್ಧ ಇಂಚಿನ ಕಬ್ಬಿಣದ ಪೈಪಿನ ಮೇಲಿಟ್ಟು ಮರದ ತುಂಡಿನಿಂದ ಮೆಲ್ಲಗೆ ಬಡಿದರೆ ಅಡ್ಡಕ್ಕೆ ತುಸು ಬಾಗಿ ಕಾಲನ್ನು ಅಪ್ಪಿಕೊಳ್ಳುವ ಆಕಾರ ಬರುತ್ತದೆ. ಎಲ್ಲ ಮೂಲೆಗಳನ್ನೂ ಅರದಿಂದ ದುಂಡಗೆ ಮಾಡಿ. ಚೂಪು ಮೂಲೆ ಹಣೆಯ ಎತ್ತರದಲ್ಲಿ ಇರಕೂಡದು.

ಹಂತ 5: ಬಗ್ಗಿಸುವುದು

ಕೆಲಸ ಕೆಡುವುದು ಹೆಚ್ಚಾಗಿ ಇಲ್ಲಿಯೇ. ಕಿಟಕಿಗೆ ಬಳಸುವ ಅಲ್ಯೂಮಿನಿಯಂ ಗಡುಸು. ತಣ್ಣಗಿದ್ದಾಗಲೇ ಹಿಡಿದು ಸುತ್ತಿಗೆಯಿಂದ ಬಡಿದು ಕಡಿದಾಗಿ ಮಡಿಸಿದರೆ ಹೊರಮೈಯಲ್ಲಿ ಕೂದಲೆಳೆಯ ಬಿರುಕು ಬಿಡುತ್ತದೆ. ಅದು ಅಂದು ಕಾಣದಿದ್ದರೂ ಒಂದು ಮಳೆಗಾಲದ ಹೊಂಡಗಳು ಕಳೆಯುವಷ್ಟರಲ್ಲಿ ಅಲ್ಲಿಯೇ ಮುರಿಯುತ್ತದೆ.

ಆದ್ದರಿಂದ ಬಾಗಿಸುವ ಜಾಗವನ್ನಷ್ಟೇ ಕಾಯಿಸಿ ಮೆತ್ತಗೆ ಮಾಡಿಕೊಳ್ಳಬೇಕು. ಎಷ್ಟು ಕಾಯಿಸಬೇಕೆಂದು ತಿಳಿಯಲು ಬಟ್ಟೆ ಒಗೆಯುವ ಸೋಪು ಸಾಕು. ಒಣ ಸೋಪಿನ ತುಂಡನ್ನು ಬಾಗು ಬರುವ ಕಡೆ ಪಟ್ಟಿಯ ಮೇಲೆ ಗೆರೆ ಬೀಳುವಂತೆ ಉಜ್ಜಿ. ಪಟ್ಟಿಯನ್ನು ಇಕ್ಕಳದಿಂದ ಹಿಡಿದು, ಸೋಪಿನ ಬದಿ ಮೇಲಿರುವಂತೆ ಗ್ಯಾಸಿನ ಸಣ್ಣ ಉರಿಯ ಮೇಲೆ ಆಚೀಚೆ ಆಡಿಸಿ. ಬಿಳಿಯ ಗೆರೆ ಮೊದಲು ಹಳದಿಯಾಗಿ, ಕಂದಾಗಿ, ನಂತರ ಕಪ್ಪಾಗುತ್ತದೆ. ಕಪ್ಪಾದ ಕೂಡಲೇ ಉರಿಯಿಂದ ತೆಗೆಯಿರಿ, ತಾನಾಗಿ ಆರಲಿ. ಕಿಟಕಿ ತೆರೆದಿಟ್ಟುಕೊಳ್ಳಿ, ಸೋಪು ಸುಡುವ ಹೊಗೆ ಬರುತ್ತದೆ.

ಇಲ್ಲಿ ದೊಡ್ಡ ಎಚ್ಚರಿಕೆ ಒಂದಿದೆ. ಕಬ್ಬಿಣ ಕಾದರೆ ಕೆಂಪಾಗಿ ಸುಳಿವು ಕೊಡುತ್ತದೆ, ಅಲ್ಯೂಮಿನಿಯಂ ಕೊಡುವುದಿಲ್ಲ. ಅದು ಸುಮಾರು 660 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ, ಮಿಶ್ರಲೋಹವಾದರೆ ಇನ್ನೂ ತುಸು ಕಡಿಮೆಯಲ್ಲಿಯೇ. ಕರಗುವ ತನಕವೂ ಬೆಳ್ಳಗೇ ಇರುತ್ತದೆ. ಅದೇ ಕಾರಣಕ್ಕೆ ಕಾದ ಪಟ್ಟಿ ನೋಡಲು ತಣ್ಣಗಿನ ಪಟ್ಟಿಯಂತೆಯೇ ಇರುತ್ತದೆ. ಮಕ್ಕಳು ಓಡಾಡುವ ಅಡುಗೆಮನೆಯಲ್ಲಿ ಅದನ್ನು ಕಟ್ಟೆಯ ಮೇಲೆ ಇಟ್ಟು ಹೋಗಬೇಡಿ.

ಆರಿದ ಮೇಲೆ 10 ಅಥವಾ 12 ಮಿ.ಮೀ. ದಪ್ಪದ ಬೋಲ್ಟನ್ನು ಬಾಗಿನ ಒಳಗಡೆ ಇಟ್ಟು, ಅದರ ಸುತ್ತ ಕೈಯಿಂದಲೇ ನಿಧಾನವಾಗಿ ಬಗ್ಗಿಸಿ. ಮತ್ತೆ ಮತ್ತೆ ಹಿಂದಕ್ಕೂ ಮುಂದಕ್ಕೂ ಬಗ್ಗಿಸಬೇಡಿ. ಹಾಗೆ ಮಾಡಿದಷ್ಟೂ ಲೋಹ ಮತ್ತೆ ಗಡುಸಾಗುತ್ತ ಹೋಗುತ್ತದೆ. ತಪ್ಪಿದರೆ ಮತ್ತೊಮ್ಮೆ ಸೋಪು ಹಚ್ಚಿ ಕಾಯಿಸಿ. ಪಟ್ಟಿಯನ್ನು ಪೂರ್ತಿ ಕಾಯಿಸಲೂ ಹೋಗಬೇಡಿ, ತೋಳೇ ಮೆತ್ತಗಾಗಿ ತೊನೆದಾಡುತ್ತದೆ.

ಹಂತ 6: ಬಣ್ಣ

ಸ್ಯಾಂಡ್ ಪೇಪರಿನಿಂದ ಉಜ್ಜಿ ಒರೆಸಿ, ಮಂದ ಕಪ್ಪು ಬಣ್ಣವನ್ನು ತೆಳ್ಳಗೆ ಎರಡು ಸಲ ಸಿಂಪಡಿಸಿ. ಹೊಳೆಯುವ ಬಣ್ಣ ಬೇಡ, ಅದರ ಪ್ರತಿಬಿಂಬ ಗಾಜಿನಲ್ಲಿ ಕಂಡು ಚಿತ್ರವನ್ನೂ ಕಣ್ಣನ್ನೂ ಕೆಡಿಸುತ್ತದೆ. ಕ್ಯಾಮೆರಾದ ಬುಡ ಅಂಟುವಷ್ಟು ಜಾಗಕ್ಕೆ ಕಾಗದ ಮುಚ್ಚಿ ಬಣ್ಣ ಬೀಳದಂತೆ ನೋಡಿಕೊಳ್ಳಿ. ಟೇಪು ಅಂಟಬೇಕಾದದ್ದು ಲೋಹಕ್ಕೆ, ಬಣ್ಣಕ್ಕೆ ಅಂಟಿದರೆ ಬಣ್ಣದ ಸಮೇತ ಕಿತ್ತುಬರುತ್ತದೆ. ಬಣ್ಣದ ಬದಲು ಇನ್ಸುಲೇಷನ್ ಟೇಪು ಸುತ್ತಿದರೆ ಬೇಸಿಗೆಯಲ್ಲಿ ಗೋಂದು ಜಿನುಗುತ್ತದೆ.

ಹಂತ 7: ಕ್ಯಾಮೆರಾ ಕೂರಿಸುವುದು

ಗಾಜಿಗೆ ಅಂಟಿಸಲೆಂದು ಕ್ಯಾಮೆರಾದ ಜೊತೆ ಬಂದ ಪ್ಲಾಸ್ಟಿಕ್ ಬುಡವನ್ನೇ ತಟ್ಟೆಯ ಕೆಳಮೈಗೆ ವಿಎಚ್‌ಬಿ ಟೇಪಿನಿಂದ ಅಂಟಿಸಿ. ಮೊದಲು ಎರಡೂ ಮೈಗಳನ್ನು ಅರ್ಧ ನೀರು, ಅರ್ಧ ಐಸೊಪ್ರೊಪೈಲ್ ಆಲ್ಕೋಹಾಲ್ ಬೆರೆಸಿ ಒರೆಸಿ, ಆಮೇಲೆ ಬೆರಳು ತಾಗಿಸಬೇಡಿ. ಬುಡದ ಎರಡು ಪಕ್ಕದಲ್ಲಿ 3 ಮಿ.ಮೀ. ತೂತು ಕೊರೆದು ಬುಡದ ಮೇಲೆ ಹಾಯುವಂತೆ ಕೇಬಲ್ ಟೈ ಹಾಕಿದರೆ ಟೇಪು ಎಂದಾದರೂ ಬಿಟ್ಟರೂ ಕ್ಯಾಮೆರಾ ಬೀಳುವುದಿಲ್ಲ.

ಕೆಲವು ಕ್ಯಾಮೆರಾಗಳಲ್ಲಿ ಟ್ರೈಪಾಡಿಗೆ ಹಾಕುವ ಕಾಲು ಇಂಚಿನ ಸ್ಕ್ರೂ ತೂತು ಇರುತ್ತದೆ. ಅದಾದರೆ ತಟ್ಟೆಗೆ 6.5 ಮಿ.ಮೀ. ತೂತು ಹಾಕಿ ಸ್ಕ್ರೂವಿನಿಂದಲೇ ಬಿಗಿಯಬಹುದು. ಸ್ಕ್ರೂ ಕ್ಯಾಮೆರಾದೊಳಕ್ಕೆ ಎಷ್ಟು ಹೋಗುತ್ತದೆಂದು ಮೊದಲೇ ಬೆಂಕಿಕಡ್ಡಿ ಹಾಕಿ ಆಳ ನೋಡಿ. ಉದ್ದ ಸ್ಕ್ರೂ ಒಳಗಿನ ಬೋರ್ಡನ್ನು ಒಡೆಯುತ್ತದೆ.

ಯಾವ ಬಗೆಯಾದರೂ ಕ್ಯಾಮೆರಾವನ್ನು ಬುಡದಿಂದ ಸುಲಭವಾಗಿ ಬಿಡಿಸುವಂತಿರಬೇಕು. ನಮ್ಮ ಜಿಲ್ಲೆಯಲ್ಲಿ ಇದು ಮುಖ್ಯ. ಕಾರವಾರದ ಕದಂಬ ನೌಕಾನೆಲೆ, ಕೈಗಾ ಅಣುವಿದ್ಯುತ್ ಸ್ಥಾವರದಂಥ ಕಡೆ ಚಿತ್ರೀಕರಣ ನಿಷಿದ್ಧ. ಕೆಲಸದ ಮೇಲೆ ಅಲ್ಲಿಗೆ ಹೋಗುವವರು ಗೇಟಿಗೆ ಮುನ್ನವೇ ಕ್ಯಾಮೆರಾ ತೆಗೆದಿಡಿ. ಮಾರಿಕಾಂಬಾ ಜಾತ್ರೆಗೆ ಬಂದು ಇಡೀ ದಿನ ಬಯಲಿನಲ್ಲಿ ಕಾರು ನಿಲ್ಲಿಸುವವರೂ ಹಾಗೆಯೇ ಬಿಡಿಸಿ ಡ್ಯಾಶ್‌ಬೋರ್ಡಿನ ಡಬ್ಬಿಯೊಳಗೆ ಇಟ್ಟರೆ ಒಳ್ಳೆಯದು. ಲಿಥಿಯಂ ಬ್ಯಾಟರಿಯಿರುವ ಕ್ಯಾಮೆರಾ ಆ ಬಿಸಿಗೆ ಉಬ್ಬಿಕೊಳ್ಳಬಹುದು. ಹೊಸದು ಕೊಳ್ಳುವವರು ಬ್ಯಾಟರಿಯ ಬದಲು ಕೆಪಾಸಿಟರ್ ಇರುವುದನ್ನು ಕೇಳಿ ಪಡೆಯಿರಿ. ಅದು ಬಿಸಿಯನ್ನು ಚೆನ್ನಾಗಿ ತಡೆದುಕೊಳ್ಳುತ್ತದೆ.

ಹಂತ 8: ಕಾಲಿಗೆ ಕಟ್ಟುವುದು

ಸೈಕಲ್ ಟ್ಯೂಬನ್ನು ಕಾಲಿನ ಸುತ್ತ ಒಂದು ಪದರ ಸುತ್ತಿ, ಅದರ ಮೇಲೆ ಪಟ್ಟಿಯ ಬಾಗಿದ ತುದಿ ಇಟ್ಟು, ಮತ್ತೆ ಒಂದು ಪದರ ಟ್ಯೂಬ್ ಸುತ್ತಿ, ಅದರ ಮೇಲೆ ಕ್ಲಿಪ್ ಹಾಕಿ. ಒಳಗಿನ ಪದರ ನಡುಕವನ್ನು ಹೀರುತ್ತದೆ. ಹೊರಗಿನದು ಸ್ಟೇನ್‌ಲೆಸ್ ಸ್ಟೀಲು ಅಲ್ಯೂಮಿನಿಯಂ ಅನ್ನು ನೇರವಾಗಿ ಮುಟ್ಟದಂತೆ ತಡೆಯುತ್ತದೆ. ಈ ಎರಡು ಲೋಹಗಳು ಉಪ್ಪಿನ ತೇವದಲ್ಲಿ ಒಂದನ್ನೊಂದು ಮುಟ್ಟಿಕೊಂಡಿದ್ದರೆ ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ಸವೆಯುತ್ತದೆ. ಅಂಕೋಲೆ, ಭಟ್ಕಳದಂಥ ಕಡಲಂಚಿನ ಊರಿನವರು ಹೊರ ಪದರವನ್ನು ಖಂಡಿತ ಬಿಡಬಾರದು.

ಕ್ಲಿಪ್ಪಿನ ಸ್ಕ್ರೂ ಗಾಜಿನ ಕಡೆಗೆ ಬರಲಿ. ಕೈಯಿಂದ ತಿರುಚಿದರೆ ತೋಳು ಜಾರದಷ್ಟು ಬಿಗಿಯಿರಿ, ಅದಕ್ಕಿಂತ ಹೆಚ್ಚು ಬೇಡ. ಹಲವು ಕಾರುಗಳಲ್ಲಿ ಕಾಲು ಪ್ಲಾಸ್ಟಿಕ್ಕಿನದು, ಸೀಳಬಹುದು.

ಹಂತ 9: ತಂತಿ

ತಂತಿಯನ್ನು ಚಾವಣಿಯ ಹೊದಿಕೆಯ ಅಂಚಿಗೆ ಬೆರಳಿನಿಂದ ತುರುಕುತ್ತ ಎಡಕ್ಕೆ ಒಯ್ದು, ಎಡ ಬಾಗಿಲಿನ ರಬ್ಬರ್ ಬೀಡಿಂಗಿನೊಳಗೆ ಇಳಿಸಿ, ಡ್ಯಾಶ್‌ಬೋರ್ಡಿನ ಕೆಳಗಿನಿಂದ 12 ವೋಲ್ಟ್ ಸಾಕೆಟ್ಟಿಗೆ ತನ್ನಿ. ಸುಮಾರು ಮೂರೂವರೆ ಮೀಟರ್ ತಂತಿ ಬೇಕಾದೀತು. ಗಾಜಿನ ಪಕ್ಕದ ಕಂಬದ ಮೇಲೆ ಏರ್‌ಬ್ಯಾಗ್ ಎಂದು ಅಚ್ಚಾಗಿದ್ದರೆ ಆ ಹೊದಿಕೆಯನ್ನು ಕೀಳಲೂಬೇಡಿ, ಅದರೊಳಗೆ ತಂತಿ ತುರುಕಲೂಬೇಡಿ. ಏರ್‌ಬ್ಯಾಗಿನ ಮುಂದೆ ಹಾದ ತಂತಿ ಅದು ಬಿಚ್ಚಿಕೊಳ್ಳುವಾಗ ಅಡ್ಡಬರುತ್ತದೆ. ಅನುಮಾನವಿದ್ದರೆ ಈ ಒಂದು ಕೆಲಸವನ್ನು ಏರ್‌ಬ್ಯಾಗ್ ಗೊತ್ತಿರುವ ಆಟೋ ಎಲೆಕ್ಟ್ರಿಷಿಯನ್ನರಿಗೆ ಬಿಡಿ.

ಕೀಲಿ ತೆಗೆದ ಮೇಲೂ ಸಾಕೆಟ್ಟಿನಲ್ಲಿ ಕರೆಂಟ್ ಇರುತ್ತದೆಯೇ ಎಂದು ಮೊಬೈಲ್ ಚಾರ್ಜರ್ ಹಾಕಿ ನೋಡಿ. ಇದ್ದರೆ ಕಾರು ನಿಲ್ಲಿಸಿದಾಗ ಪ್ಲಗ್ ಕೀಳುವುದನ್ನು ರೂಢಿ ಮಾಡಿಕೊಳ್ಳಿ. ಮಳೆಗಾಲದಲ್ಲಿ ನಾಲ್ಕು ದಿನ ಹೊರಡದ ಕಾರಿನ ಬ್ಯಾಟರಿ ಇದರಿಂದಲೇ ಇಳಿದುಹೋಗುತ್ತದೆ.

ಹಂತ 10: ಪರೀಕ್ಷೆ

ಎಂಜಿನ್ ಚಾಲೂ ಮಾಡಿ ನಿಂತಲ್ಲೇ ಒಂದು ನಿಮಿಷ ಚಿತ್ರೀಕರಿಸಿ. ನಂತರ ಊರೊಳಗಿನ ಕೆಟ್ಟ ರಸ್ತೆಯೊಂದರಲ್ಲಿ ಹೋಗಿ ಬನ್ನಿ. ಎದುರಿನ ವಾಹನದ ನಂಬರ್ ಓದಲು ಬಂದರೆ ಗೆದ್ದಂತೆ. ನಡುಕ ಕಂಡರೆ ಟ್ಯೂಬಿನ ಪದರ ಹೆಚ್ಚಿಸುವುದಕ್ಕಿಂತ ತೋಳನ್ನು 1 ಸೆಂ.ಮೀ. ಗಿಡ್ಡ ಮಾಡುವುದು ಒಳ್ಳೆಯದು. ಕನ್ನಡಿಯೇ ತಲೆ ತಗ್ಗಿಸುತ್ತಿದ್ದರೆ ಅದರ ಕೀಲು ಸಡಿಲಾಗಿದೆ ಅಥವಾ ಕ್ಯಾಮೆರಾ ಭಾರ ಜಾಸ್ತಿ. ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ಹೋಲ್ಡರ್ ಸಮೇತ ತೂಗಿ ನೋಡಿ, 150 ಗ್ರಾಂ ಒಳಗಿದ್ದರೆ ನೆಮ್ಮದಿ. ಮಳೆಗಾಲ ಶುರುವಾಗುವ ಮುನ್ನ ಪ್ರತಿ ವರ್ಷ ಕ್ಲಿಪ್ ಬಿಚ್ಚಿ ಟ್ಯೂಬು ಬದಲಿಸಿ. ಒಣಗಿ ಸೀಳಿದ ರಬ್ಬರ್ ಹಿಡಿತ ಬಿಡುತ್ತದೆ.

ಕನ್ನಡಿಯ ಕಾಲು ಸಿಗದವರಿಗೆ

ಗಾಜಿಗೇ ಅಂಟಿಸುವುದು ಅನಿವಾರ್ಯವಾದರೆ ಸಕ್ಷನ್ ಕಪ್ ಬಿಟ್ಟು ವಿಎಚ್‌ಬಿ ಟೇಪನ್ನೇ ಬಳಸಿ. ಗಾಜಿನ ಮೇಲಂಚಿನಲ್ಲಿ ಕಪ್ಪು ಚುಕ್ಕಿಗಳ ಸಾಲು ಇರುತ್ತದೆ, ಅದರ ಮೇಲೆ ಬೇಡ. ಅಲ್ಲಿ ಮೈ ಸಮನಾಗಿಲ್ಲದ ಕಾರಣ ಟೇಪು ಪೂರ್ತಿ ಕೂರುವುದಿಲ್ಲ. ಹಳೆಯ ಗೋಂದು ಉಳಿದಿದ್ದರೆ ಕೊಬ್ಬರಿ ಎಣ್ಣೆ ಹಚ್ಚಿ ಹತ್ತು ನಿಮಿಷ ಬಿಟ್ಟು ಉಜ್ಜಿದರೆ ಏಳುತ್ತದೆ. ಆದರೆ ಆ ಎಣ್ಣೆಯ ಪಸೆಯನ್ನು ಸೋಪಿನ ನೀರಿನಿಂದಲೂ ನಂತರ ಆಲ್ಕೋಹಾಲಿನಿಂದಲೂ ತೆಗೆಯದೆ ಹೊಸ ಟೇಪು ಹಚ್ಚಬೇಡಿ.

ಮಂಜು ಕವಿದ ಬೆಳಗ್ಗೆ ಅಥವಾ ಮಳೆ ಸುರಿಯುವಾಗ ಈ ಕೆಲಸ ಬೇಡ, ಗಾಜಿನ ಒಳಮೈಯಲ್ಲೂ ಕಣ್ಣಿಗೆ ಕಾಣದ ತೇವ ಕೂತಿರುತ್ತದೆ. ಬಿಸಿಲೇರಿ ಗಾಜು ಒಣಗಿ ಸ್ವಲ್ಪ ಬೆಚ್ಚಗಾದಾಗ ಅಂಟಿಸಿ ಹೆಬ್ಬೆರಳಿನಿಂದ ಬಲವಾಗಿ ಒತ್ತಿ. ವಿಎಚ್‌ಬಿ ಟೇಪು 20 ನಿಮಿಷದಲ್ಲಿ ತನ್ನ ಬಲದ ಅರ್ಧದಷ್ಟನ್ನು ಮಾತ್ರ ಪಡೆಯುತ್ತದೆ, 24 ಗಂಟೆಗೆ ಸುಮಾರು ಶೇಕಡಾ 90 ಆಗುತ್ತದೆ, ಪೂರ್ತಿ ಬಲ ಬರಲು 72 ಗಂಟೆ ಬೇಕು. ಅಂಟಿಸಿದ ಕೂಡಲೇ ಕ್ಯಾಮೆರಾ ಸಿಕ್ಕಿಸಿ ಘಟ್ಟ ಇಳಿಯುವುದರಿಂದಲೇ ಒಳ್ಳೆಯ ಟೇಪಿಗೂ ಕೆಟ್ಟ ಹೆಸರು ಬಂದಿರುವುದು. ಶುಕ್ರವಾರ ಬೆಳಗ್ಗೆ ಬರಿಯ ಬುಡವನ್ನು ಅಂಟಿಸಿ ಬಿಡಿ, ಕ್ಯಾಮೆರಾವನ್ನು ಸೋಮವಾರ ಸಿಕ್ಕಿಸಿ.